ಕ್ಯಾಸೆಟ್ಟಿನ ಎರಡನೇ ಬಾಜೂ

ಭಜನೆ ಮುಗಿಯುತ್ತಿದ್ದಂತೆ ಅತ್ತೆ ಎದ್ದು, ಟೇಪ್‌ರೆಕಾರ್ಡರಿನ ಕ್ಯಾಸೆಟ್ ತೆಗೆದು ಮಗುಚಿ ಹಾಕಿದರು. ನನಗೆ ನಗು ಬಂತು. ಅದು ರೀಲಿಲ್ಲದ, ಬಾಲದಂತೆ ವೈರು ಇದ್ದ ಕ್ಯಾಸೆಟ್. ಹಾಡು ಬರುತ್ತಿದ್ದುದು ಆ ವೈರಿಗೆ ಮಗಳು ಜೋಡಿಸಿದ್ದ ಎಂಪಿತ್ರೀ ಪ್ಲೇಯರಿನಿಂದ. ಬೀದರಿನಿಂದ ನಾಶಿಕಕ್ಕೆ ನಮ್ಮೊಡನೆ ಬಂದ ಟೇಪ್‌ರೆಕಾರ್ಡರ್, ಹಳೆಯ ಕ್ಯಾಸೆಟ್ಟುಗಳೆಲ್ಲ ಹಾಳಾದ ಮೇಲೆ ಮೂಲೆ ಸೇರಿತ್ತು. ಅತ್ತೆಯ ಸಂಜೆಗಳೂ ಸಪ್ಪಗಾಗಿದ್ದವು.

“ಅತ್ತೀ, ಇದಕ್ಕ ಎರಡನೇ ಬಾಜೂ ಇಲ್ರಿ,” ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಮಗಳು ನನಗೆ ಕಣ್ಸನ್ನೆ ಮಾಡಿ, ಪ್ಲೇಯರಿನಲ್ಲಿ ಬೇರೆ ಭಜನೆ ಹಚ್ಚಿದಳು.

ಅತ್ತೆ ತಲೆದೂಗುತ್ತ ಕೂತರು. “ಈ ಬಾಜೂ ಭಾಳ ಛಲೋ ಅದ ನೋಡವ್ವಾ.”

ಮೊನ್ನೆ ಮಗಳು ಕಾಲೇಜಿಗೆ ಹೋಗಿದ್ದಳು. ಅತ್ತೆ ಕ್ಯಾಸೆಟ್ ತೆಗೆಯುವ ಸದ್ದು ಕೇಳಿದ್ದೇ, ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ನಾನು ಹಿಟ್ಟಿನ ಕೈಯಲ್ಲೇ ಓಡಿ ಬಂದು ಪ್ಲೇಯರಿನ ಬಟನ್ ಒತ್ತಿದೆ.