ಚಿನ್ನಮ್ಮತ್ತಿಗೆಯೊಡನೆ ದೊಡ್ಡಬಳ್ಳಾಪುರದ ಸಂತೆಗೆ

ಬೆಳಿಗ್ಗೆ ಬೇಗನೆ ದೇವನಹಳ್ಳಿಯಲ್ಲಿ ಬಸ್ಸು ಹತ್ತಿದೆವು. ಯುದ್ಧ ನಡೆಯುತ್ತಿದ್ದ ಕಾಲವದು. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದವು. ಬಸ್ಸಿನ ಬೆನ್ನಿಗೆ ಕಟ್ಟಿದ ಹಂಡೆಯಂಥ ಒಲೆಗೆ ಕ್ಲೀನರು ಇದ್ದಿಲು ತುಂಬಿ, ಗಾಳಿ ಹಾಕಿ ಹಾಕಿ ಬೆವತುಹೋಗಿದ್ದ. ಹೊರಡುವ ಹೊತ್ತಿಗೆ ಹೊಗೆಯೆಲ್ಲ ಒಳಗೇ ಬಂತು. ಪಕ್ಕದಲ್ಲಿ ಕೂತಿದ್ದ ನನ್ನ ಅತ್ತಿಗೆ ಸೆರಗನ್ನು ಮೂಗಿಗೆ ಒತ್ತಿಕೊಂಡು ಕಿಟಕಿಯ ಕಡೆಗೆ ತಿರುಗಿದಳು.

ಅತ್ತಿಗೆ ಬರ್ಮಾ ದೇಶದವಳು. ನಮ್ಮಣ್ಣ ರಂಗೂನಿನ ಮರದ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿದ್ದಾಗ ಅವಳನ್ನು ಮದುವೆಯಾಗಿದ್ದ. ಜಪಾನಿನವರ ಬಾಂಬು ಬಿದ್ದ ಮೇಲೆ ಇಬ್ಬರೂ ಕಾಡು ಬೆಟ್ಟ ನಡೆದು ಹೇಗೋ ಊರು ಮುಟ್ಟಿದರು. ಅಣ್ಣನಿಗೆ ಬೆಂಗಳೂರಿನಲ್ಲಿ ಮಿಲಿಟರಿ ಉಗ್ರಾಣದ ಕೆಲಸ ಸಿಕ್ಕಿತು. ತಿಂಗಳಿಗೊಮ್ಮೆ ಬರುತ್ತಿದ್ದ. ಅವಳ ಹೆಸರು ಮಾ ಖಿನ್. ಅದು ನಾಲಿಗೆಗೆ ಹೊರಳದೆ ಅವ್ವ ಅವಳನ್ನು ಚಿನ್ನಮ್ಮ ಮಾಡಿದ್ದಳು.

ಮನೆಗೆ ಬಂದು ಎಷ್ಟೋ ತಿಂಗಳಾಗಿದ್ದರೂ ಅತ್ತಿಗೆ ಹಿತ್ತಿಲಿನ ಚಕ್ಕೋತದ ಗಿಡಗಳಿಂದಾಚೆಗೆ ಕಾಲಿಟ್ಟಿರಲಿಲ್ಲ. ಕನ್ನಡದಲ್ಲಿ ‘ಬಾ’, ‘ನೀರು’, ‘ಸಾಕು’ ಇಷ್ಟೇ ಬರುತ್ತಿತ್ತು. ಅದರಲ್ಲೂ ‘ಸಾಕು’ ಹೆಚ್ಚು. ಮುದ್ದೆಯನ್ನು ನುಂಗಲಾರದೆ ಅಗಿಯುತ್ತಿದ್ದಳು. ದಿನೇದಿನೇ ಸೊರಗಿದಳು. ಕಳೆದ ಸಲ ಅಣ್ಣ ಬಂದಾಗ ಅವ್ವ ಹೇಳಿಯೇಬಿಟ್ಟಳು: “ಈ ಮನೆ ಅವಳಿಗೆ ಒಗ್ಗಾಕಿಲ್ಲ ಕಣಪ್ಪಾ. ಊಟ ಬಿಟ್ಟು ಏನಾದ್ರೂ ಮಾಡ್ಕೊಂಡ್ರೆ ನಾನೇನು ಮಾಡ್ಲಿ? ಬೆಂಗ್ಳೂರಿಗೇ ಕರ್ಕೊಂಡೋಗು.” ಅಣ್ಣ ಇದ್ದದ್ದು ಆರು ಜನ ಗಂಡಸರ ಕೋಣೆಯಲ್ಲಿ. ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು, “ಒಣಮೀನು ತಂದ್ಕೊಡೇ. ಅದಿಲ್ದೆ ಅವ್ಳಿಗೆ ಅನ್ನ ಸೇರಲ್ಲ” ಎಂದ.

ನಮ್ಮ ಮನೆಯಲ್ಲಿ ಹಬ್ಬಕ್ಕೆ ಬಾಡು ಬೇಯುತ್ತಿತ್ತು. ಮೀನಿನ ವಾಸನೆ ಮಾತ್ರ ಅವ್ವನಿಗೆ ಆಗದು. ನಮ್ಮೂರಲ್ಲೇ ಕೊಂಡರೆ ಮನೆ ಮುಟ್ಟುವ ಮೊದಲೇ ಅವಳ ಕಿವಿಗೆ ಬೀಳುತ್ತಿತ್ತು. ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ನಾನು ರಜೆ ಹಾಕಿ, ಸೀರೆ ನೋಡಿ ಬರುತ್ತೇವೆಂದು ಹೇಳಿ ಅತ್ತಿಗೆಯನ್ನು ಹೊರಡಿಸಿದೆ.

ಹನ್ನೆರಡು ಹದಿಮೂರು ಮೈಲಿ ದಾರಿ. ಕುಂದಾಣದ ಕಡೆಗೆ ತಿರುಗುವಲ್ಲಿ ಏರು ಸಿಕ್ಕಿ ಬಸ್ಸು ನಿಂತಿತು. ಗಂಡಸರೆಲ್ಲ ಇಳಿದು ತಳ್ಳಿದರು. ಅತ್ತಿಗೆಯೂ ಇಳಿದಳು. ಹೊಲದಲ್ಲಿ ಹುರುಳಿ ಕೀಳುತ್ತಿದ್ದ ಹೆಂಗಸರನ್ನು ನಿಂತು ನೋಡಿದಳು. ಅವರೂ ಕೆಲಸ ಬಿಟ್ಟು ಅವಳನ್ನು ನೋಡಿದರು. ಅವಳು ತನ್ನ ನಾಡಿನ ರೀತಿಯಲ್ಲಿ ಗಂಧ ತೇಯ್ದು ಎರಡೂ ಕೆನ್ನೆಗೆ ದುಂಡಗೆ ಬಳಿದುಕೊಂಡಿದ್ದಳು. ಹೆಂಗಸೊಬ್ಬಳು ತನ್ನ ಕೆನ್ನೆ ಮುಟ್ಟಿ ತೋರಿಸಿ ನಕ್ಕಳು. ಅತ್ತಿಗೆ ನಗಲಿಲ್ಲ.

ದೊಡ್ಡಬಳ್ಳಾಪುರ ತಲುಪಿದಾಗ ಬಿಸಿಲು ಏರಿತ್ತು. ನೇಕಾರರ ಬೀದಿಯಲ್ಲಿ ಮನೆಮನೆಯಿಂದಲೂ ಮಗ್ಗದ ಸದ್ದು. ಹೋಟೆಲಿನಲ್ಲಿ ಇಡ್ಲಿ ತಿಂದು ಸಂತೆಗೆ ನಡೆದೆವು. ಹುಣಿಸೆಹಣ್ಣಿನ ರಾಶಿ, ಮಡಕೆ, ಹಗ್ಗ, ಎಲೆಯಡಿಕೆ ಎಲ್ಲವನ್ನೂ ದಾಟಿ ತುದಿಯಲ್ಲಿ ಒಣಮೀನಿನ ಗೋಣಿಗಳನ್ನು ಹರಡಿ ನೆಲ್ಲೂರು ಕಡೆಯ ಹೆಂಗಸೊಬ್ಬಳು ಕೂತಿದ್ದಳು. ವಾಸನೆ ಮೂಗಿಗೆ ಬಿದ್ದದ್ದೇ ಅತ್ತಿಗೆಯ ಹೆಜ್ಜೆ ಚುರುಕಾಯಿತು. ಕುಕ್ಕರಗಾಲಿನಲ್ಲಿ ಕೂತು ಒಂದೊಂದೇ ಮೀನನ್ನು ಎತ್ತಿ, ಮೂಸಿ, ಮುರಿದು ನೋಡತೊಡಗಿದಳು.

ಅಷ್ಟರಲ್ಲಿ ಹಿಂದಿನಿಂದ ಯಾರೋ ಕೂಗಿದರು: “ಲೇ, ಜಪಾನ್ನೋಳು ಕಣ್ರೋ!”

ನೋಡುತ್ತಿದ್ದಂತೆ ಜನ ಸುತ್ತುಗಟ್ಟಿದರು. ಖಾಕಿ ಕೋಟು ತೊಟ್ಟವನೊಬ್ಬ ಮುಂದೆ ಬಂದು, “ಯಾರಮ್ಮ ಇವಳು? ಎಲ್ಲಿಂದ ಕರ್ಕೊಂಬಂದೆ?” ಎಂದು ನನ್ನನ್ನು ಕೇಳಿದ.

“ನಮ್ಮತ್ತಿಗೆ. ನಮ್ಮಣ್ಣನ ಹೆಂಡ್ತಿ.”

“ಹಂಗಾದ್ರೆ ಮಾತಾಡ್ಲಿ ನೋಡಾಣ.”

ಜಪಾನಿನವರಿಂದ ತಪ್ಪಿಸಿಕೊಂಡು ಬಂದವಳು ಎಂದೆ. ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಯಾವನೋ ಪೊಲೀಸರನ್ನು ಕರೆಯಿರಿ ಎಂದ. ಅತ್ತಿಗೆ ಮೀನು ಹಿಡಿದು ಕೂತೇ ಇದ್ದಳು. ಮೀನಿನವಳು ಪಕ್ಕದ ಉಪ್ಪಿನ ಅಂಗಡಿಯವಳಿಗೆ ತೆಲುಗಿನಲ್ಲಿ, “ಪಾಪಂ, ಮೂಗಪಿಲ್ಲ” ಎಂದಳು. ಪಾಪ, ಮೂಗಿ ಎಂದು.

ಅತ್ತಿಗೆ ತಲೆಯೆತ್ತಿದಳು. “ನೇನು ಮೂಗದಾನ್ನಿ ಕಾದು,” ಎಂದಳು. “ನೀ ಚೇಪಲೇ ಪಾತವಿ.” ನಾನು ಮೂಗಿಯಲ್ಲ, ನಿನ್ನ ಮೀನೇ ಹಳೆಯದು!

ಮೀನಿನವಳು ತನ್ನ ಮೀನಿನ ಮಾನ ಉಳಿಸಿಕೊಳ್ಳಲು ನಿಂತಳು. ಅತ್ತಿಗೆ ಮುರಿದ ತುಂಡನ್ನು ಅವಳ ಮೂಗಿಗೇ ಹಿಡಿದಳು. ಇಬ್ಬರೂ ಏರುದನಿಯಲ್ಲಿ ಜಗಳಕ್ಕೇ ಬಿದ್ದರು. ನೇಕಾರರ ಮನೆಯ ತೆಲುಗು ಹೆಂಗಸರು ಗುಂಪಿನಲ್ಲಿ ಬೇಕಾದಷ್ಟು ಜನ ಇದ್ದರು. ಅವರು ಮೊದಲು ನಕ್ಕರು, ಆಮೇಲೆ ಅತ್ತಿಗೆಯ ಪಕ್ಷ ಹಿಡಿದರು. “ಜಪಾನ್ನೋಳು ಹಿಂಗೆ ಚೌಕಾಸಿ ಮಾಡ್ತಾಳೇನಯ್ಯಾ? ಹೋಗ್ ಹೋಗು!” ಎಂದು ಒಬ್ಬಳು ಖಾಕಿ ಕೋಟಿನವನನ್ನು ಅಟ್ಟಿದಳು. ಸೋತ ಮೀನಿನವಳು ಕೊನೆಗೆ ಹಿಂದಿನ ಗೋಣಿ ಬಿಚ್ಚಿ ಹೊಸ ಮೀನು ತೆಗೆದಳು.

ತೂಗುತ್ತ ಯಾವೂರು ಎಂದು ಕೇಳಿದ್ದಕ್ಕೆ ಅತ್ತಿಗೆ ರಂಗೂನು ಎಂದಳು. ಮೀನಿನವಳ ಕೈ ತಕ್ಕಡಿಯ ಮೇಲೆ ನಿಂತಿತು. ಅವಳ ತಮ್ಮ ಅಲ್ಲಿನ ಬಂದರಿನಲ್ಲಿ ಮೂಟೆ ಹೊರುತ್ತಿದ್ದನಂತೆ. ಹಣೆಯ ಮೇಲೆ ಸುಟ್ಟ ಗಾಯದ ಗುರುತಿತ್ತಂತೆ. “ದಾರಿಯಲ್ಲಿ ಎಲ್ಲಾದರೂ ಕಂಡೆಯಾ?” ಎಂದು ಕೇಳಿದಳು. ಅತ್ತಿಗೆ ಬಹಳ ಹೊತ್ತು ಯೋಚಿಸಿ, ಕಾಣಲಿಲ್ಲ ಎಂದಳು. ಮೀನಿನವಳು ತೂಕದ ಮೇಲೆ ಇನ್ನೊಂದು ಹಿಡಿ ಹಾಕಿ ಮುಖ ತಿರುಗಿಸಿಕೊಂಡಳು.

ಹಿಂತಿರುಗುವ ಬಸ್ಸಿನಲ್ಲಿ ನನ್ನ ಹರಕು ತೆಲುಗಿನಲ್ಲೇ ಕೇಳಿದೆ: ಈ ಮಾತು ಎಲ್ಲಿ ಕಲಿತೆ? ಮದುವೆಗೆ ಮುಂಚೆ ಅವಳು ಬಜಾರಿನಲ್ಲಿ ಅಂಗಡಿ ಇಟ್ಟಿದ್ದಳಂತೆ. ಅಲ್ಲಿ ಕೂಲಿಯವರು, ಬಂಡಿಯವರು, ಗಿರಾಕಿಗಳು ಅರ್ಧಕ್ಕರ್ಧ ತೆಲುಗಿನವರು. ಅಣ್ಣನೊಡನೆ ಆಡಿದ್ದೆಲ್ಲ ಬರ್ಮಾದ ಮಾತೇ, ತನಗೆ ತೆಲುಗು ಬರುತ್ತದೆಂದು ಅವನಿಗೂ ಹೇಳಿರಲಿಲ್ಲವಂತೆ. “ನಿಮ್ಮದು ಕನ್ನಡದ ಮನೆ ಅಂತ ನಿಮ್ಮಣ್ಣ ಹೇಳಿದ್ದ. ಬೀದಿಯ ಭಾಷೆಯನ್ನು ಅತ್ತೆಯ ಎದುರು ಹೇಗೆ ಆಡಲಿ?” ಎಂದಳು.

ಅವ್ವನ ತವರು ಮುಳಬಾಗಿಲಿನ ಆಚೆ, ತೆಲುಗಿನ ಸೀಮೆ. ಮದುವೆಯಾಗಿ ಬರುವವರೆಗೆ ಅವಳಿಗೆ ಕನ್ನಡವೇ ತಿಳಿದಿರಲಿಲ್ಲ. ಸೋದರಮಾವ ಬಂದಾಗ ಮಾತ್ರ ತೆಲುಗು ಹೊರಬೀಳುತ್ತಿತ್ತು. ಯುದ್ಧ ಶುರುವಾದ ಮೇಲೆ ಮಾವ ಬಂದೇ ಇರಲಿಲ್ಲ. ಒಂದೇ ಅಡಿಗೆಮನೆಯಲ್ಲಿ ಆ ಇಬ್ಬರು ಅಷ್ಟು ತಿಂಗಳು ಸನ್ನೆಯಲ್ಲೇ ಕಳೆದಿದ್ದರು. ಅತ್ತಿಗೆ ಇದನ್ನು ಅವ್ವನ ಬಾಯಿಂದಲೇ ಕೇಳಲಿ ಎಂದುಕೊಂಡೆ.

ಸಂಜೆ ಅವ್ವ ಬಾಗಿಲಲ್ಲೇ ಮೂಗು ಮುಚ್ಚಿಕೊಂಡಳು. “ಏನೇ ಇದು ನಾತ? ಸೀರೆ ತರ್ತೀನಂತ ಹೋದೋಳು ಏನ್ ತಂದ್ಬಿಟ್ಟೆ?”

“ಅತ್ತಿಗೇನೇ ಕೇಳವ್ವ. ತೆಲುಗಲ್ಲಿ ಕೇಳು.”

ಅವ್ವ ನನ್ನನ್ನು ನೋಡಿದಳು, ಅವಳನ್ನು ನೋಡಿದಳು. ಗಂಟಿನ ವಿಚಾರ ಎತ್ತಲೇ ಇಲ್ಲ. ಮೆಲ್ಲಗೆ, “ತಿನ್ನಾವಾ, ಅಮ್ಮಾ?” ಎಂದಳು. ಊಟ ಮಾಡಿದೆಯಾ?

ಅತ್ತಿಗೆ ಜಗಲಿಯ ಮೇಲೆ ಕುಸಿದು ಕೂತಳು. “ಲೇದತ್ತಾ,” ಎಂದಳು. “ಚಾಲಾ ಆಕಲಿ.” ಇಲ್ಲ ಅತ್ತೆ, ತುಂಬಾ ಹಸಿವು. ಆಮೇಲೆ ಅಳತೊಡಗಿದಳು.

ಅವ್ವ ಒಂದು ಕೈಯಲ್ಲಿ ಅವಳನ್ನೂ ಇನ್ನೊಂದು ಕೈಯಲ್ಲಿ ಮೀನಿನ ಗಂಟನ್ನೂ ಹಿಡಿದು ಒಳಗೆ ಹೋದಳು. ನಾನು ಕೈಕಾಲು ತೊಳೆದು ಬರುವಷ್ಟರಲ್ಲಿ ಒಲೆ ಹತ್ತಿತ್ತು. ಇಬ್ಬರೂ ನನಗೆ ಅರ್ಥವಾಗದಷ್ಟು ಬಿರುಸಾಗಿ ಮಾತಾಡುತ್ತಿದ್ದರು. ಹೊಸಿಲ ಬಳಿ ಸ್ವಲ್ಪ ಹೊತ್ತು ನಿಂತೆ. ಇಬ್ಬರಲ್ಲಿ ಯಾರೂ ತಿರುಗಿ ನೋಡಲಿಲ್ಲ.