ದಂಡೆಯ ಮೇಲೆ ನಿಂತು ಕರೆದ ಪಂಚಮಿ

ಆಗ ನಮ್ಮೂರಿಗೂ ಅತ್ತಿಯ ಊರಿಗೂ ನಡುವೆ ಸೇತುವೆ ಇರಲಿಲ್ಲ. ಅತ್ತಿಯನ್ನು, ಅಂದರೆ ಅಪ್ಪನ ಅಕ್ಕನನ್ನು, ಕೊಟ್ಟಿದ್ದು ರಾಯಬಾಗ ಸೀಮೆಯ ನಡುಗಡ್ಡೆಗೆ. ಸುತ್ತ ಕೃಷ್ಣೆ, ಒಳಗೆ ಕಬ್ಬು, ದಿಬ್ಬದ ಮೇಲೆ ಹತ್ತಾರು ಮನೆ. ಬೇಸಿಗೆಯಲ್ಲಿ ಮೊಣಕಾಲುದ್ದ ನೀರಲ್ಲಿ ನಡೆದೇ ಹೋಗುತ್ತಿದ್ದೆವು, ಚಳಿಗಾಲಕ್ಕೆ ನಾವೆ. ಮಳೆಗಾಲದಲ್ಲಿ ಹೊಳೆ ಉಕ್ಕಿ ಬಂತೆಂದರೆ ನಾವೆಯೂ ನಿಲ್ಲುತ್ತಿತ್ತು; ಬೆಲ್ಲ ಕಾಸುವ ಅಗಲ ಕಡಾಯಿಯನ್ನೇ ನೀರಿಗಿಳಿಸುತ್ತಿದ್ದರು. ಹಾಲಿನ ಕ್ಯಾನು, ಮಂದಿ ಎಲ್ಲ ಅದರಲ್ಲೇ.

ನಾಗರಪಂಚಮಿ ಬರುವುದೂ ಹೊಳೆ ಬರುವುದೂ ಒಂದೇ ಹೊತ್ತಿಗೆ. ತವರಿನವರು ಬಾಗಿಲಿಗೆ ಹೋಗಿ ಕರೆಯದೆ ಹೆಣ್ಣುಮಗಳು ಹಬ್ಬಕ್ಕೆ ಬರುವಂತಿಲ್ಲ. ಆ ವರ್ಷ ಅಪ್ಪ ನನ್ನನ್ನೂ ಕರೆದುಕೊಂಡು ಹೊರಟ. ಚೀಲದಲ್ಲಿ ಅವ್ವ ಕಟ್ಟಿದ ಎಳ್ಳುಂಡಿ, ಶೇಂಗಾ ಉಂಡಿ; ದಾರಿಯುದ್ದಕ್ಕೂ ಏಲಕ್ಕಿಯ ವಾಸನೆ.

ಕಡಾಯಿ ನಡೆಸುವ ಭೀಮಪ್ಪ ನಕ್ಕ. “ಸಣ್ಣ ಸಾವಕಾರ್ನ ನಡುವ ಕುಂದರಸ್ರಿ. ಆಚಿ ದಂಡಿಗಿ ಬೆಲ್ಲ ಆಗಿ ಇಳೀತಾನ!”

ಕಾಲಿಟ್ಟೊಡನೆ ಕಡಾಯಿ ಗಿರ್ರನೆ ತಿರುಗಿತು. ಚೀರಿ ಅಪ್ಪನ ಧೋತರ ಹಿಡಿದವನು ಬಿಡಲೇ ಇಲ್ಲ. ಅಪ್ಪ ನನ್ನನ್ನು ದಂಡೆಗಿಳಿಸಿದ; ಅಲ್ಲಿ ನನ್ನನ್ನು ಒಪ್ಪಿಸಿ ಹೋಗಲು ಬೇರೆ ಯಾರೂ ಇರಲಿಲ್ಲ.

ಆಚೆ ದಂಡೆಯಲ್ಲಿ ಅತ್ತಿ ಹಸಿರು ಸೀರೆಯುಟ್ಟು, ಗಂಟು ಹಿಡಿದು ನಿಂತಿದ್ದಳು. ಅಪ್ಪ ಕೂಗಿದ: “ಅಕ್ಕಾ, ಹುಡುಗ ಅಂಜ್ಯಾನ! ಇಲ್ಲಿಂದನ ಕರದೇನಿ, ಬಾ ಬೇ!”

ಪಕ್ಕದಲ್ಲಿದ್ದ ಅವಳ ಅತ್ತೆಯ ದನಿ ನೀರು ದಾಟಿ ಬಂತು: “ದಂಡಿ ಮ್ಯಾಲ ನಿಂತು ಕರಿಯೂದು ನಾವೀನ ರೀ, ಸೊಸೀನ ಅಲ್ಲ!”

“ಇರ್ಲಿ ತಮ್ಮಾ, ಹುಡುಗನ್ನ ಅಳಸಬ್ಯಾಡ,” ಎಂದು ಕೂಗಿದಳು ಅತ್ತಿ.

ಉಂಡಿಯ ಚೀಲ ಒಂದೇ ಭೀಮಪ್ಪನ ಜೊತೆ ದಾಟಿತು. ಅಪ್ಪ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಹಬ್ಬದ ದಿನ ನಾನು ಜೋಕಾಲಿ ಜೀಕುವಾಗ ಅವನು ಎತ್ತುಗಳ ಹಗ್ಗ ಬಿಚ್ಚುತ್ತ, ಕಟ್ಟುತ್ತ ಕೊಟ್ಟಿಗೆಯಲ್ಲೇ ಉಳಿದ. ಮುಂದೆ ಬದುಕಿರುವವರೆಗೂ, ಎಂಥ ಹೊಳೆ ಬಂದರೂ, ಒಬ್ಬನೇ ಕಡಾಯಿ ಹತ್ತಿ ಹೋಗಿ ಅಕ್ಕನನ್ನು ಕರೆತರುತ್ತಿದ್ದ.

ಈಗ ಸೇತುವೆಯಾಗಿದೆ, ಬಸ್ಸು ನಡುಗಡ್ಡೆಯ ಒಳಗೇ ಹೋಗುತ್ತದೆ. ಕರೆಯಹೋಗುವ ಪಾಳಿ ನನ್ನದು. ಹೋದ ಪಂಚಮಿಗೆ ಫೋನಿನಲ್ಲೇ ಹೇಳಿದೆ: “ಅತ್ತೀ, ಬಸ್ ಹತ್ತಿ ಬಂದಬಿಡು.”

ಅತ್ತಿ ಕೇಳಿದಳು: “ಯಾಕೋ ಅಪ್ಪಿ, ಹೊಳಿ ಭಾಳ ಬಂದೈತೇನು?”

“ಹೂಂ ಅತ್ತಿ,” ಎಂದುಬಿಟ್ಟೆ. ಅಂಗಳದಲ್ಲಿ ನಿಂತರೆ ಹೊಳೆಯೂ ಸೇತುವೆಯೂ ಕಾಣುವವಳಿಗೆ.