ಮೂರು ಪಟ್ಟೆಯ ಕಲ್ಲು

ನಾಸಿಕದ ದಿಂಡೋರಿ ರಸ್ತೆಯಲ್ಲಿ ಸೈಕಲ್ ಅಂಗಡಿ ಇಟ್ಟಿರುವ ಗುರುಬಸವನಿಗೆ ಒಂದು ವಿಚಿತ್ರ ಅಭ್ಯಾಸ ಅಂಟಿಕೊಂಡಿದೆ. ಗುಡ್ಡದ ಹಾದಿಯಲ್ಲಿ ನಡೆಯುತ್ತಿದ್ದವನು ಇದ್ದಕ್ಕಿದ್ದ ಹಾಗೆ ಪಕ್ಕಕ್ಕೆ ಸರಿದು ನಿಲ್ಲುತ್ತಾನೆ. ಹಿಂದೆ ಸೈಕಲ್ ಬರುತ್ತಿರುತ್ತದೆ. ಪೆಡಲ್ ತುಳಿಯದೆ ಇಳಿಜಾರಿಗೆ ಬಿಟ್ಟಾಗ ಹಿಂದಿನ ಗಾಲಿ ಟಿಕ್ ಟಿಕ್ ಟಿಕ್ ಅನ್ನುತ್ತದಲ್ಲ, ಆ ಸದ್ದು. ಸರಿದು, ದಾರಿ ಬಿಟ್ಟು, ಕಾಯುತ್ತಾನೆ. ಯಾರೂ ಬರುವುದಿಲ್ಲ. ಎರಡು ವರ್ಷದಿಂದ ಹೀಗೇ ನಡೆದಿದೆ.

ದೆವ್ವ ಅನ್ನಬೇಡಿ. ದೆವ್ವವಾದರೆ ಬೇವಿನ ಸೊಪ್ಪು ಹಿಡಿದು ಬಿಡಿಸುವವರು ಇದ್ದಾರೆ. ಇದನ್ನು ಬಿಡಿಸುವವರು ಸಿಗುವುದು ಕಷ್ಟ.

ಗುರುಬಸವ ಭಾಲ್ಕಿಯ ಕಡೆಯವನು. ಹತ್ತೊಂಬತ್ತನೇ ವಯಸ್ಸಿಗೆ ಸೋದರಮಾವ ಮನ್ಮಥಪ್ಪನ ಬೆನ್ನು ಹತ್ತಿ ಬಂದು, ಹಾಲು ಮಾರುವವರ ಸೈಕಲ್ಲಿಗೆ ಪಂಕ್ಚರ್ ಹಾಕುತ್ತ ಇಲ್ಲೇ ಬೇರುಬಿಟ್ಟ. ಆಮೇಲೆ ಹಾಲಿನವರು ಮೋಟರ್ ಸೈಕಲ್ ಹತ್ತಿದರು. ಡುಮ್ಮ ಟೈರಿನ ಗುಡ್ಡ ಹತ್ತುವ ಸೈಕಲ್ಲುಗಳು ಬಂದವು. ಐವತ್ತು ದಾಟಿದವರು ಇಂಥದ್ದಕ್ಕೆ ಮೂಗು ಮುರಿಯುತ್ತಾರೆ. ಈತ ಮಾತ್ರ ಒಂದನ್ನು ತಾನೂ ಹತ್ತಿ ನೋಡಿದ, ಸೊಂಟ ಉಳುಕಿಸಿಕೊಂಡ, ಮರುವಾರ ಮತ್ತೆ ಹತ್ತಿದ. ದಿಂಡೋರಿಯ ದ್ರಾಕ್ಷಿ ತೋಟಗಳ ಬೆನ್ನಿಗೆ ಘೋಣಸ್ ಧಾರ್ ಎಂಬ ಕಾಡುಗುಡ್ಡದ ಏಣು ಇದೆ. ಅಲ್ಲಿ ಆಡುಗಳು ತುಳಿದ ಜಾಡುಗಳನ್ನೆಲ್ಲ ಕೂಡಿಸಿ, ಮುಳ್ಳು ಕಡಿದು, ಒಂಬತ್ತು ಕಿಲೋಮೀಟರಿನ ಸೈಕಲ್ ಹಾದಿ ಮಾಡಿದವನು ಈತನೇ. ಯಾರೂ ಕೂಲಿ ಕೊಡಲಿಲ್ಲ, ಈತ ಕೇಳಲೂ ಇಲ್ಲ.

ಹಾದಿ ಕವಲೊಡೆದಲ್ಲೆಲ್ಲ ಒಂದು ಕಲ್ಲು ನಿಲ್ಲಿಸಿದ. ನಮ್ಮ ಕಡೆಯ ಮನುಷ್ಯ ನೋಡಿ. ತಕ್ಕಡಿಗೆ ವಿಭೂತಿ, ಹೊಸ್ತಿಲಿಗೆ ವಿಭೂತಿ, ಹೊಸ ಸೈಕಲ್ಲಿಗೂ ವಿಭೂತಿ. ಬಾಣದ ಗುರುತು ಹಾಕುವುದು ಬಿಟ್ಟು ಮೂರು ಬೆರಳು ಸುಣ್ಣದಲ್ಲಿ ಅದ್ದಿ ಕಲ್ಲಿಗೆ ಅಡ್ಡ ಎಳೆದ. ಮೂರು ಪಟ್ಟೆಯ ಕಲ್ಲು ಯಾವ ಕಡೆಗಿದೆಯೋ ಆ ಕಡೆಗೆ ತಿರುಗಬೇಕು, ಅಷ್ಟೇ ನಿಯಮ. ಹೆಂಡತಿ ಭಾಗವ್ವ ನಗುತ್ತಿದ್ದಳು. "ನನ್ನ ಹಣಿಗೂ ಸುಣ್ಣ ಹಚ್ಚಿಬಿಡ್ರಿ, ಮನಿ ದಾರಿ ಮರೀಲಕ ಹತ್ತೀರಿ."

ಗುಡ್ಡದ ತುದಿಯ ಕವಲೇ ಕೆಟ್ಟದ್ದು. ಎಡದ ಜಾಡು ಬಳಸಿ ಬಳಸಿ ಕೆರೆಗೆ ಇಳಿಯುತ್ತದೆ. ಬಲದ ಜಾಡು ಒಂದು ಅತ್ತಿ ಮರ ದಾಟಿ, ಐವತ್ತು ಹೆಜ್ಜೆಗೆ ಹಳೆಯ ಕಲ್ಲುಗಣಿಯ ಬಾಯಿಗೆ ಬಂದು ಮುಗಿಯುತ್ತದೆ. ಹೊಸಬರಿಗೆ ಗುರುಬಸವ ಹೇಳಿಕೊಡುತ್ತಿದ್ದ: "ಮಂಜು ಬಿದ್ದಾಗ ಕಣ್ಣು ನಂಬಬ್ಯಾಡ್ರಿ. ಪಟ್ಟಿ ನಂಬ್ರಿ."

ಆ ಮಾತನ್ನು ಅಕ್ಷರಶಃ ನಂಬಿದವರು ನರಹರಿ. ಧಾರವಾಡದಿಂದ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿ, ಬಾಯಿ ತುಂಬ ಕನ್ನಡ ಆಡುವ ಮನುಷ್ಯ. ಸೈಕಲ್ಲಿನ ಚೈನಿಗೆ ಎಣ್ಣೆ ಬಿಡಿಸುವ ನೆಪದಲ್ಲಿ ಅಂಗಡಿಗೆ ಬಂದು ತಾಸುಗಟ್ಟಲೆ ಹರಟುತ್ತಿದ್ದರು. ಇಬ್ಬರಿಗೂ ಒಬ್ಬರಿಗೊಬ್ಬರು ಬೇಕಾಗಿದ್ದರು.

ಎರಡು ವರ್ಷದ ಹಿಂದಿನ ಶ್ರಾವಣದ ಮೊದಲ ಸೋಮವಾರ, ಮಧ್ಯಾಹ್ನ, ಗುರುಬಸವ ಹಾದಿ ನೋಡಿ ಬರಲು ಗುಡ್ಡ ಹತ್ತಿದ. ತುದಿಯ ಕವಲಿನಲ್ಲಿ ಎಡಕ್ಕೆ ನಿಲ್ಲಿಸಿದ್ದ ಕಲ್ಲು ಇರಲಿಲ್ಲ. ಬಲಕ್ಕೆ ಕಣ್ಣು ಹಾಯಿಸಿದರೆ ಅತ್ತಿ ಮರದ ಬುಡದಲ್ಲಿ ಕೂತಿದೆ, ಬಿಲ್ವಪತ್ರೆ ಹೊತ್ತುಕೊಂಡು, ಮುಂದೆ ಒಡೆದ ತೆಂಗಿನಕಾಯಿ ಇಟ್ಟುಕೊಂಡು. ಕೆಳಗಿನ ವಾಡಿಯ ಹೆಂಗಸರ ಕೆಲಸ. ಮೂರು ಪಟ್ಟೆ ಕಂಡರು, ಮಹಾದೇವ ಅಂದರು, ದೇವರು ದಾರಿಯ ಕೆಸರಿನಲ್ಲಿ ಯಾಕೆ ಕೂರಬೇಕು ಎಂದು ನೆರಳಿಗೆ ಒಯ್ದರು. ಪಾಪ, ಅವರದೇನು ತಪ್ಪು.

ಗುರುಬಸವ ಕಲ್ಲನ್ನು ಎತ್ತಲು ಬಗ್ಗಿದ. ಕೈ ಹೋಗಲಿಲ್ಲ. ಪೂಜೆಯಾದ ದೇವರನ್ನು ಕದಲಿಸಿ ಮತ್ತೆ ಟೈರು ಉರುಳುವ ಕೆಸರಿಗೆ ಇಡುವುದೆ? ಕೊರಳಲ್ಲಿ ಇಷ್ಟಲಿಂಗ ಕಟ್ಟಿಕೊಂಡವನಿಗೆ ಮರದ ಬುಡದ ಕಲ್ಲಿನ ಹಂಗೇನು ಎಂದು ನೀವು ಕೇಳಬಹುದು. ಕೇಳಿ. ಆತನೂ ಆಮೇಲೆ ಸಾವಿರ ಸಲ ಕೇಳಿಕೊಂಡಿದ್ದಾನೆ. ಆ ಹೊತ್ತಿಗೆ ಮಾತ್ರ ಕೈ ಮುಗಿದ, ಒಂದು ಚೂರು ಕೊಬ್ಬರಿ ಬಾಯಿಗೆ ಹಾಕಿಕೊಂಡ. ಸುಣ್ಣದ ಡಬ್ಬಿ ಅಂಗಡಿಯಲ್ಲಿತ್ತು, ಮಳೆಯೂ ಹನಿಯುತ್ತಿತ್ತು. ನಾಳೆ ಬೇರೆ ಕಲ್ಲಿಗೆ ಪಟ್ಟೆ ಎಳೆದರಾಯಿತು ಎಂದುಕೊಂಡು ಇಳಿದ. ನಾಳೆ ಎಂದವನ ಮನೆ ಹಾಳು ಅನ್ನುತ್ತಾರೆ. ಹಾಳಾದದ್ದು ಬೇರೆಯವರ ಮನೆ.

ಮಂಗಳವಾರ ಬೆಳಿಗ್ಗೆ ದಟ್ಟ ಮಂಜು. ನರಹರಿ ಒಬ್ಬರೇ ಹೋಗಿದ್ದರು. ಗಣಿಗೆ ಬಿದ್ದರೆಂಬ ಸುದ್ದಿ ಬಂದಾಗ ಗುರುಬಸವ ಸುಣ್ಣದ ಡಬ್ಬಿ ಚೀಲಕ್ಕೆ ಹಾಕಿಕೊಂಡೇ ಓಡಿದ. ಯಾಕೆ ಹಾಕಿಕೊಂಡೆ ಎಂದು ಆತನಿಗೂ ಗೊತ್ತಿಲ್ಲ, ಅಥವಾ ಗೊತ್ತು. ಎಲ್ಲರೂ ಗಣಿಯ ಅಂಚಿನಲ್ಲಿ ಬಗ್ಗಿ ನಿಂತಿದ್ದಾಗ ಈತ ಕವಲಿನ ಎಡಕ್ಕೆ ಇನ್ನೊಂದು ಕಲ್ಲು ನಿಲ್ಲಿಸಿ ಮೂರು ಬೆರಳು ಎಳೆದ. ಪೊಲೀಸರು ಪಂಚನಾಮೆಯಲ್ಲಿ ಬರೆದರು: ಗುರುತು ಸರಿಯಾಗಿತ್ತು, ಸವಾರ ತಪ್ಪು ದಾರಿ ಹಿಡಿದ. ಮರದ ಬುಡದ ದೇವರ ಬಗ್ಗೆ ಯಾರು ವಿಚಾರಿಸುತ್ತಾರೆ?

ಅವತ್ತು ಇಳಿಯುವಾಗಲೇ ಬೆನ್ನ ಹಿಂದೆ ಮೊದಲ ಸಲ ಟಿಕ್ ಟಿಕ್ ಕೇಳಿಸಿತು.

ಅಲ್ಲಿಂದ ಆತನ ಬಾಯಿಗೆ ಬೀಗ ಬಿತ್ತು. ವಾರಕ್ಕೆ ಎರಡು ಸಲ ಗುಡ್ಡ ಹತ್ತಿ ಎಲ್ಲ ಕಲ್ಲನ್ನೂ ಮುಟ್ಟಿ ಬರುತ್ತಾನೆ. ಯಾರಾದರೂ ನರಹರಿಯ ಹೆಸರೆತ್ತಿದರೆ, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಹಾಗೆ, ಬಲಗೈಯ ಮೂರು ಬೆರಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾನೆ. ಭಾಗವ್ವನಿಗೂ ಹೇಳಿಲ್ಲ.

ಈ ವರ್ಷದ ಶ್ರಾವಣದಲ್ಲಿ ನರಹರಿಯ ಹೆಂಡತಿ ಅಂಬುಜಾ ಅಂಗಡಿಗೆ ಬಂದರು. ಗಂಡ ತೀರಿಕೊಂಡ ಮೇಲೆ ಅವರ ಬ್ಯಾಂಕಿನಲ್ಲೇ ನೌಕರಿ ಸಿಕ್ಕಿತ್ತು, ಈಗ ಧಾರವಾಡಕ್ಕೆ ವರ್ಗ.

"ಹೋಗೋಕಿಂತ ಮೊದಲ ಆ ಜಾಗಾ ಒಮ್ಮೆ ನೋಡ್ತೀನ್ರಿ. ನಿಮ್ಮನ್ನ ಬಿಟ್ರ ಯಾರು ಕರಕೊಂಡು ಹೋಗ್ತಾರ?"

ಇಲ್ಲ ಅನ್ನಲು ಬಾಯಿ ಬರಲಿಲ್ಲ. ಸೋಮವಾರ ಬೆಳಿಗ್ಗೆ ಹೋದರು. ಹದಿನಾರರ ಮಗಳು ಪ್ರಿಯಂವದಾ ಕೆರೆಯ ದಂಡೆಯಲ್ಲೇ ಕೂತಳು. "ಮೀ ನಾಹೀ ಯೇತ್," ಎಂದಳು, ನಾನು ಬರಲ್ಲ ಎಂದು, ಯಾರ ಮುಖವನ್ನೂ ನೋಡದೆ.

ಮೇಲೆ ಅತ್ತಿ ಮರಕ್ಕೀಗ ತಗಡಿನ ಮಾಡು, ಒಂದು ಗಂಟೆ. ಅಂಬುಜಾ ಚಪ್ಪಲಿ ಬಿಟ್ಟು ಆ ಕಲ್ಲಿನ ಮುಂದೆ ಕೂತು ಕೈ ಮುಗಿದರು. ಗುರುಬಸವ ಮೂರು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ.

"ಗುರುಬಸವಣ್ಣಾ, ಒಂದು ಕೇಳ್ತೀನಿ, ಖರೇ ಹೇಳ್ರಿ. ಅವತ್ತ ಮುಂಜಾನೆ ನಾವು ಜಗಳಾಡಿದ್ವಿ. ಊರಿಗೆ ವರ್ಗ ತಗೋರಿ ಅಂತ ನಂದು ಹಟ. ಇಪ್ಪತ್ತು ಸಲ ಹೋದ ಹಾದಿ, ಪಟ್ಟಿನೂ ಎಡಕ್ಕಿತ್ತು ಅಂತ ಪೊಲೀಸರು ಬರದಾರ. ಮತ್ತ ಇತ್ತಾಗ ಯಾಕ ಬಂದ್ರು? ಬೇಕಂತ ಬಂದ್ರೇನು?"

ಎರಡು ವರ್ಷ ಆತ ತನ್ನ ಪಾಪವನ್ನು ತಾನೊಬ್ಬನೇ ಹೊತ್ತಿದ್ದೇನೆ ಎಂದುಕೊಂಡಿದ್ದ. ಅದರ ಭಾರದ ಇನ್ನೊಂದು ತುದಿ ಈ ಹೆಂಗಸಿನ ತಲೆಯ ಮೇಲಿತ್ತು. ಗುರುಬಸವನಿಗೆ ತನ್ನ ಮೇಲೆ ಅಸಹ್ಯವಾಯಿತು.

"ಇಲ್ರಿ ತಾಯಿ," ಎಂದ. "ಪಟ್ಟಿ ಎಡಕ್ಕಿದ್ದಿಲ್ಲ. ಈ ಕಲ್ಲೇ ಆ ಕಲ್ಲು. ಸರ್ ಪಟ್ಟಿ ನಂಬಿ ಬಂದಾರ." ಆಮೇಲೆ ಎಲ್ಲ ಹೇಳಿದ: ಸೋಮವಾರದ ಕೊಬ್ಬರಿ, ಮಂಗಳವಾರದ ಸುಣ್ಣ, ಒಂದೂ ಬಿಡದೆ.

ಅಂಬುಜಾ ಕೈ ಚಾಚಿ ಕಲ್ಲಿನ ಮೂರು ಪಟ್ಟೆಯನ್ನು ಮುಟ್ಟಿ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ ಎಂದು ಗುರುಬಸವನಿಗೆ ಅನಿಸಿತು.

"ಎರಡು ವರ್ಷ ದಿನಾ ನಾ ಅವರನ್ನ ಬೈದೀನ್ರಿ," ಎಂದರು. "ಫೋಟೋದ ಮುಂದ ದೀಪಾ ಹಚ್ಚಿ ಬೈದೀನಿ." ಆಮೇಲೆ ಸೆರಗು ಬಾಯಿಗೊತ್ತಿಕೊಂಡು ಅತ್ತರು. ಎದ್ದಾಗ ಹೇಳಿದ್ದು ಒಂದೇ ಮಾತು. "ಅಪ್ಪ ನಮ್ಮನ್ನ ಬಿಟ್ಟು ಹೋದ ಅಂತ ಆಕಿ ತಿಳಕೊಂಡಾಳ. ಆಕಿಗೂ ನೀವೇ ಹೇಳ್ರಿ."

ಇಳಿಯುವಾಗ ಟಿಕ್ ಟಿಕ್ ಬೆನ್ನಿಗೇ ಇತ್ತು. ಹೇಳಿಬಿಟ್ಟರೆ ನಿಲ್ಲುತ್ತದೆ ಎಂದು ಆತ ಎಣಿಸಿದ್ದ. ನಿಲ್ಲಲಿಲ್ಲ. ಈ ಸಲ ಪಕ್ಕಕ್ಕೆ ಸರಿಯದೆ ನಡೆದ.

ಕೆರೆಯ ದಂಡೆಯಲ್ಲಿ ಆ ಹುಡುಗಿಗೆ ತಿಳಿಯಲೆಂದು ಮರಾಠಿಯಲ್ಲಿ ಶುರು ಮಾಡಿದ. ಅವಳು ತಡೆದಳು. "ಕನ್ನಡದಾಗ ಹೇಳ್ರಿ, ಕಾಕಾ. ಬಾಬಾ ಕನ್ನಡದಾಗ ಬೋಲ್ತಿದ್ರು."

ಹೇಳಿದ. ಅವಳು ಅಳಲಿಲ್ಲ, ನೀರಿನ ಕಡೆಯೇ ನೋಡುತ್ತ ಕೇಳಿದಳು. ಮುಗಿದ ಮೇಲೆ ಈ ಕಡೆ ತಿರುಗಿ, ಒಂದೊಂದೇ ಪದ ಹುಡುಕಿ ಹುಡುಕಿ ಜೋಡಿಸಿದಳು.

"ಆ ದಗಡ್... ಆ ಕಲ್ಲು, ಕಾಕಾ. ಭಾಳ ಭಾರ ಇತ್ತೇನು?"

ಗುರುಬಸವ ತನ್ನ ಬಲಗೈ ನೋಡಿಕೊಂಡ.

"ಇಲ್ಲವ್ವ. ಒಂದ್ ಕೈಲೆ ಎತ್ತಬಹುದಿತ್ತು."